ಎಲ್ಲಾ ವಾಲ್‌ಗೂ ಕೂಡುವ ಚಾವಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಫೋನ್ ಮಾಡಿದರು. "ಏನ್ರೀ ಸರ್, ನನ್ನ ಮಾಲೆಲ್ಲಾ ಎಲ್ಲಿಗೆ ಹೋತ್ರಿ?" ಎಂದರು. ದನಿಯಲ್ಲಿ ಸಿಟ್ಟಿಗಿಂತ ಗಾಬರಿಯೇ ಜಾಸ್ತಿ ಇತ್ತು. ಅವರ ಮೊಬೈಲಿಗೆ ಆಗಷ್ಟೇ ಒಂದು ಎಸ್‌ಎಂಎಸ್ ಬಂದಿತ್ತು. 'ನಿಮ್ಮ 0 ಬಾಕ್ಸ್ ಒಣದ್ರಾಕ್ಷಿ ಜಮಾ ಆಗಿದೆ. ಒಟ್ಟು ತೂಕ 0 ಕೆಜಿ.' ವರ್ಷದ ದುಡಿಮೆಯನ್ನು 15 ಕೆಜಿಯ ಬಾಕ್ಸುಗಳಲ್ಲಿ ತುಂಬಿ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಬಂದ ಮನುಷ್ಯ ಅವರು. ರೇಟು ಏರಲಿ ಅಂತ ಕಾಯುತ್ತಾ ಕೂತವರು. ಅಂಥವರಿಗೆ ಸೊನ್ನೆ ಬಾಕ್ಸ್ ಅಂತ ಸಂದೇಶ ಬಂದರೆ ಉಂಡ ಅನ್ನ ಇಳಿಯುತ್ತಾ? ನಾನು ಎಂಟು ಸಲ ಕ್ಷಮೆ ಕೇಳಿದೆ. ನಿಮ್ಮ ಮಾಲು ಇದ್ದಲ್ಲೇ ಇದೆ, ಇದು ನಮ್ಮ ಟೆಸ್ಟಿಂಗ್ ತಪ್ಪು ಎಂದೆ. "ಟೆಸ್ಟಿಂಗ್ ಮಾಡಾಕ ನನ್ನ ಹೆಸರೇ ಸಿಕ್ತೇನ್ರಿ?" ಎಂದು ಫೋನ್ ಇಟ್ಟರು.

ಆ ಸಂದೇಶ ಕಳಿಸಿದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಕೂತಿದ್ದ ಎಐ ಏಜೆಂಟ್, ಅಂದರೆ ಹೇಳಿದ ಕೆಲಸಕ್ಕೆ ತಾನೇ ಕಮಾಂಡು ಹೊಡೆಯುವ ಪ್ರೋಗ್ರಾಂ. ಅದರ ಕೈಗೆ ಚಾವಿ ಕೊಟ್ಟವನು ನಾನು. ಆವತ್ತಿನಿಂದ ಇದೊಂದು ವಿಷಯ ತಲೆಯಲ್ಲಿ ಕೊರೀತಾನೇ ಇದೆ, ಅದಕ್ಕೇ ಬರೀತಿದ್ದೇನೆ.

ನಾನು ವಿಜಯಪುರದ ಜಲನಗರದಲ್ಲಿ ಮನೆಯಿಂದಲೇ ಕೆಲಸ ಮಾಡುವವನು. ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜುಗಳಿಗೆ ಸಾಫ್ಟ್‌ವೇರ್ ಮಾಡುವ ಒಂದು ಸಣ್ಣ ತಂಡದಲ್ಲಿದ್ದೇನೆ. ಗೇಟು, ತೂಕ, ರಸೀದಿ, ದಾಸ್ತಾನು, ಬಾಡಿಗೆ, ಲೆಕ್ಕ, ಎಸ್‌ಎಂಎಸ್ ಅಂತ ಏಳು ಮೈಕ್ರೋಸರ್ವಿಸ್‌ಗಳು, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಸಣ್ಣ ಪ್ರೋಗ್ರಾಂ. ಇಷ್ಟು ಸಣ್ಣ ಕೆಲಸಕ್ಕೆ ಏಳು ಬೇಕಿತ್ತಾ ಅಂತ ಕೇಳಬೇಡಿ. ಆ ಜಗಳ ತಂಡದೊಳಗೇ ಎರಡು ಸಲ ಆಗಿದೆ, ಎರಡೂ ಸಲ ನಾನೇ ಸೋತಿದ್ದೇನೆ. ಇವೆಲ್ಲ ಓಡುವುದು ಡ್ಯಾಪರ್ ಮೇಲೆ. 2019ರಲ್ಲಿ ಮೈಕ್ರೋಸಾಫ್ಟ್ ಹೊರಗೆ ತಂದು, 2021ರಲ್ಲಿ ಸಿಎನ್‌ಸಿಎಫ್ ಎಂಬ ಮುಕ್ತ ತಂತ್ರಾಂಶ ಸಂಸ್ಥೆಗೆ ಒಪ್ಪಿಸಿದ ರನ್‌ಟೈಮ್ ಅದು, ಇಂಥ ಸೇವೆಗಳನ್ನು ಒಂದಕ್ಕೊಂದು ಜೋಡಿಸುವಂಥದ್ದು. ಪ್ರತಿ ಸೇವೆಯ ಪಕ್ಕದಲ್ಲೂ ಒಂದು ಸೈಡ್‌ಕಾರ್, ಅಂದರೆ ಜೊತೆಗಾರ ಪ್ರೋಗ್ರಾಂ, ಕೂತಿರುತ್ತದೆ. ರಸೀದಿಗೆ ತೂಕ ಬೇಕಾದರೆ ತನ್ನ ಸೈಡ್‌ಕಾರಿಗೆ ಹೇಳುತ್ತದೆ, ಅದು ಆಚೆ ಸೈಡ್‌ಕಾರನ್ನು ಹುಡುಕಿ ಮಾತಾಡಿಸುತ್ತದೆ. ನಡುವೆ ಯಾರಾದರೂ ಬಿದ್ದರೆ ಮತ್ತೆ ಕೇಳುವುದು, ಯಾರು ಯಾರನ್ನು ಕರೆದರು ಅಂತ ದಾಖಲೆ ಇಡುವುದು, ಎಲ್ಲ ಅದರದೇ ಕೆಲಸ. ಇದನ್ನು ನಡೆಸಲು ಟರ್ಮಿನಲ್ಲಿನಲ್ಲಿ, ಅಂದರೆ ಕಮಾಂಡು ಟೈಪ್ ಮಾಡುವ ಕಿಟಕಿಯಲ್ಲಿ, ನಾಲ್ಕೈದು ಕಮಾಂಡು. ಇನಿಟ್, ರನ್, ಲಿಸ್ಟ್, ಇನ್‌ವೋಕ್, ಸ್ಟಾಪ್. ದಿನಾ ಹೊಡೆದು ಹೊಡೆದು ಬೆರಳಿಗೇ ಬಾಯಿಪಾಠ ಆಗಿವೆ.

ಏಜೆಂಟಿಗೆ ಟರ್ಮಿನಲ್ ಬಿಟ್ಟುಕೊಟ್ಟ ಮೊದಲ ವಾರ ಮದುವೆಮನೆಯ ಸಂಭ್ರಮ ನನಗೆ. ಬಾಡಿಗೆ ಬಿಲ್ಲು ತೆರೆಯಲು ಯಾಕೆ ಇಷ್ಟು ಹೊತ್ತು ಹಿಡಿಯುತ್ತೆ ಅಂತ ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೆ. ಅದನ್ನೇ ಏಜೆಂಟಿಗೆ ಕೇಳಿದೆ. ಅದು ಮೊದಲು ಲಿಸ್ಟ್ ಹೊಡೆಯಿತು. ಏಳೂ ಸೇವೆಗಳು ಬದುಕಿವೆ ಅಂತ ನೋಡಿಕೊಂಡಿತು. ಆಮೇಲೆ ಡ್ಯಾಪರ್ ಜೊತೆಗೇ ಬರುವ, ಕರೆಗಳ ಜಾಡು ತೋರಿಸುವ ಜಿಪ್‌ಕಿನ್‌ಗೆ, 9411 ಪೋರ್ಟಿಗೆ, ಹೋಗಿ ಒಂದು ಬಿಲ್ಲಿನ ಜಾಡು ತೆಗೆಯಿತು. ಬಾಡಿಗೆ ಸೇವೆ ಒಂದೊಂದು ಬಾಕ್ಸಿಗೂ ಬೇರೆ ಬೇರೆಯಾಗಿ ತೂಕದ ಸೇವೆಯನ್ನು ಕರೆಯುತ್ತಿತ್ತು. ನಾನೂರು ಬಾಕ್ಸು, ನಾನೂರು ಕರೆ. ಒಂದು ಕಪ್ ಚಹಾ ಮುಗಿಯುವುದರೊಳಗೆ ಇದನ್ನೆಲ್ಲ ಹೇಳಿ, ಒಟ್ಟಿಗೆ ಕೇಳುವ ಹಾಗೆ ಕೋಡನ್ನೂ ಬರೆದು ತೋರಿಸಿತು. ಹೆಂಡತಿಯನ್ನು ಕರೆದು ತೋರಿಸಿದೆ. "ಹಂಗಾದ್ರ ನೀವ್ಯಾಕ ಬೇಕ್ರಿ ಇನ್ನ?" ಎಂದು ಒಳಗೆ ಹೋದಳು.

ಎರಡನೇ ವಾರ ಆ ಎಸ್‌ಎಂಎಸ್. ಆದದ್ದು ಇಷ್ಟೇ. ರಸೀದಿ ಸೇವೆ ಸರಿಯಾಗಿ ಉತ್ತರ ಕೊಡುತ್ತಿದೆಯಾ ನೋಡು ಅಂತ ಏಜೆಂಟಿಗೆ ಹೇಳಿದ್ದೆ. ಅದು ಇನ್‌ವೋಕ್ ಕಮಾಂಡ್ ಹೊಡೆಯಿತು. ಸೇವೆಯ ಹೆಸರು ಕೊಟ್ಟಿತು, ಕರೆಯಬೇಕಾದ ಮೆಥಡ್ ಹೆಸರು ಕೊಟ್ಟಿತು. ಎಚ್‌ಟಿಟಿಪಿ ವರ್ಬ್, ಅಂದರೆ ಓದುವುದಾ ಬರೆಯುವುದಾ ಅನ್ನುವ ಪದ, ಯಾವುದು ಅಂತ ಕೊಡಲಿಲ್ಲ. ಕೊಡದಿದ್ದರೆ ಡ್ಯಾಪರ್ ಏನು ಮಾಡುತ್ತದೆ ಗೊತ್ತಲ್ವಾ? ಬರೀ ಓದಿ ಬರುವ ಗೆಟ್ ಅಲ್ಲ, ಹೊಸದನ್ನು ಕಳಿಸುವ ಪೋಸ್ಟ್. ನೋಡಲು ಹೋದವನ ಕೈಯಲ್ಲಿ ಹೊಸ ರಸೀದಿ ಹರಿಸಿತು. ಬಾಕಿ ತಪ್ಪೆಲ್ಲ ನನ್ನವು. ಗ್ರಾಹಕರ ನಂಬರ್ ಇಲ್ಲದಿದ್ದರೆ ಪಟ್ಟಿಯ ಮೊದಲ ಹೆಸರು ತಗೋ ಅಂತ ಯಾವತ್ತೋ ಒಂದು ಡೆಮೋಗಾಗಿ ನಾನೇ ಒಂದು ಸಾಲು ಬರೆದಿಟ್ಟಿದ್ದೆ. ಆ ಪಟ್ಟಿ ಅಸಲಿ ಪಟ್ಟಿಯ ನಕಲು. ಎಸ್‌ಎಂಎಸ್ ಕಳಿಸಲು ಬೇಕಾದ ಗುಪ್ತ ಕೀ ಕೂಡ ಅಸಲಿ, ಅದೂ ಅದೇ ಡೆಮೋದ ದಿನ ಹಾಕಿ ಮರೆತದ್ದು. ಕಮಾಂಡು ಹಸಿರು ಟಿಕ್ ಹಾಕಿ 'ಯಶಸ್ವಿ' ಎಂದಿತು. ಏಜೆಂಟ್ ಕೂಡ ಅಷ್ಟೇ ಖುಷಿಯಿಂದ 'ರಸೀದಿ ಸೇವೆ ಸರಿಯಾಗಿ ಉತ್ತರಿಸುತ್ತಿದೆ' ಎಂದು ವರದಿ ಒಪ್ಪಿಸಿತು. ಅದು ಸುಳ್ಳೇನೂ ಅಲ್ಲ.

ನೀರಿನ ಕಾಕಾ

ನಾನು ಸಣ್ಣವನಿದ್ದಾಗ ನಮ್ಮ ಓಣಿಗೆ ವಾರಕ್ಕೊಮ್ಮೆ ನಳ ಬರುತ್ತಿತ್ತು. ಕೆಲವು ಸಲ ಎಂಟು ದಿನ, ಬೇಸಿಗೆಯಲ್ಲಿ ಹತ್ತು. ನಳ ಬರುವ ದಿನ ಶಾಲೆಗೆ ತಡವಾದರೆ ಮೇಷ್ಟ್ರೂ ಬಯ್ಯುತ್ತಿರಲಿಲ್ಲ, ಅವರ ಮನೆಯಲ್ಲೂ ಅದೇ ಕಥೆ. ನೀರು ಬಿಡುತ್ತಿದ್ದವರನ್ನು ಎಲ್ಲರೂ ನೀರಿನ ಕಾಕಾ ಅಂತಿದ್ದೆವು. ಹೆಗಲ ಮೇಲೆ ಟಿ ಆಕಾರದ ಕಬ್ಬಿಣದ ಚಾವಿ, ನನಗಿಂತ ಉದ್ದ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಗುಂಡಿಯ ಮುಚ್ಚಳ ಸರಿಸಿ, ಚಾವಿಯನ್ನು ಒಳಗೆ ಇಳಿಸಿ ವಾಲ್ ತಲೆಗೆ ಕೂಡಿಸುತ್ತಿದ್ದರು. ನಾವು ಹುಡುಗರು ಸುತ್ತ ನಿಲ್ಲುತ್ತಿದ್ದೆವು. ನಾಲ್ಕು ಸುತ್ತು ತಿರುವುತ್ತಿದ್ದರು. ಆಮೇಲೆ ಸುಮ್ನೆ ನಿಂತುಬಿಡುತ್ತಿದ್ದರು. ಚಾವಿಯ ಹಿಡಿಗೆ ಕಿವಿ ಹಚ್ಚಿ ಕೇಳುತ್ತಿದ್ದರು. ಕಣ್ಣು ಮುಚ್ಚಿ, ಬಾಯಲ್ಲಿ ಎಲೆಯಡಿಕೆ ಅಗಿಯುವುದನ್ನೂ ನಿಲ್ಲಿಸಿ. ಒಂದು ಸಲ ನಾನು ತಾಳಲಾರದೆ "ಕಾಕಾ, ಪೂರಾ ಬಿಡ್ರಿ, ಸಾಲಿಗೆ ಹೊತ್ತಾಗ್ತೈತಿ" ಎಂದೆ. "ತಡಿಯೋ ತಮ್ಮಾ, ಗಾಳಿ ಹೊರಗ ಹೋಗ್ಲಿ. ಒಮ್ಮೆಲೇ ಬಿಟ್ರ ಪೈಪ್ ಒದೀತೈತಿ" ಎಂದರು. ನನಗೂ ಕಿವಿ ಹಚ್ಚಲು ಬಿಟ್ಟರು. ಕಬ್ಬಿಣ ತಣ್ಣಗಿತ್ತು. ದೂರದಲ್ಲಿ ಯಾರೋ ಮೂಗಿನಿಂದ ಉಸಿರಾಡಿದ ಹಾಗೆ ಸುಯ್ ಅಂತ ಒಂದು ಸದ್ದು, ಆಮೇಲೆ ಗುಳುಗುಳು. ಗುಳುಗುಳು ನಿಂತ ಮೇಲೆ ಇನ್ನು ನಾಲ್ಕು ಸುತ್ತು.

ಒಂದು ವರ್ಷ ಕಾಕಾ ಸವದತ್ತಿ ಯಲ್ಲಮ್ಮನಿಗೆ ಹೋದರು. ಚಾವಿ ಅಕ್ಕನ ಮಗನ ಕೈಗೆ ಬಂತು. ಹದಿನೆಂಟರ ಹುಡುಗ, ಒಳ್ಳೇ ಕಸುವು, ಕೆಲಸದಲ್ಲಿ ಚುರುಕು. ಕಾಕಾ ಒಂದು ತಾಸು ತೆಗೆದುಕೊಳ್ಳುತ್ತಿದ್ದ ಕೆಲಸವನ್ನು ಹತ್ತು ನಿಮಿಷದಲ್ಲಿ ಮುಗಿಸಿದ. ತಗ್ಗಿನ ಓಣಿಯ ವಾಲ್ ಮೊದಲು, ಅದೂ ಪೂರಾ. ಹಿಟ್ಟಿನ ಗಿರಣಿಯ ಮೂಲೆಯಲ್ಲಿ ಜಾಯಿಂಟ್ ಕಿತ್ತು, ನೀರು ಕರೆಂಟ್ ಕಂಬದ ಎತ್ತರಕ್ಕೆ ಹಾರಿತು. ಹೆಂಗಸರು ಬಯ್ಯುತ್ತಲೇ ಕೊಡ ತಂದು ಅಲ್ಲೇ ತುಂಬಿಕೊಂಡರು. ನಮ್ಮ ಓಣಿಗೆ ಮುಂದಿನ ಹದಿನೈದು ದಿನ ಟ್ಯಾಂಕರೇ ಗತಿ. ಹಿರಿಯರು ಆ ಹುಡುಗನನ್ನು ನಿಲ್ಲಿಸಿ ಕೇಳಿದರು, ಯಾಕೋ ಹಿಂಗೆ ಮಾಡಿದೆ ಅಂತ. ಅವನು ಅಳು ಮೋರೆ ಮಾಡಿಕೊಂಡು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಚಾವಿ ಕೂಡ್ತಲ್ರಿ, ಅದಕ್ಕ ತಿರುವಿದೆ."

ಆ ಬೆಳೆಗಾರರ ಫೋನ್ ಬಂದ ರಾತ್ರಿ ಏಜೆಂಟ್ ಹೊಡೆದ ಕಮಾಂಡನ್ನು ನಾಲ್ಕು ಸಲ ಓದಿದೆ. ಎಲ್ಲಿ ತಪ್ಪಿದೆ ಅಂತ ತೋರಿಸಲು ಆಗಲಿಲ್ಲ. ಚಾವಿ ಕೂಡಿತ್ತು, ತಿರುವಿತ್ತು.

ನಾನೇ ಅದನ್ನು ಹೊಡೆಯುತ್ತಿದ್ದರೆ? ಬಹುಶಃ ನಾನೂ ವರ್ಬ್ ಮರೆಯುತ್ತಿದ್ದೆ. ಆದರೆ ರಸೀದಿ ಅನ್ನುವ ಹೆಸರು ಟೈಪ್ ಮಾಡುವಾಗ ನನ್ನ ಬೆರಳು ಎಂಟರ್ ಮೇಲೆ ಒಂದು ಕ್ಷಣ ನಿಲ್ಲುತ್ತದೆ. ಎರಡು ವರ್ಷದ ಹಿಂದೆ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ, ಅದಕ್ಕೆ. ಆ ಒಂದು ಕ್ಷಣ ಹೆಲ್ಪ್‌ನಲ್ಲಿ ಇಲ್ಲ, ರೀಡ್‌ಮಿಯಲ್ಲಿ ಇಲ್ಲ, ಕೋಡಿನ ಕಾಮೆಂಟಿನಲ್ಲೂ ಇಲ್ಲ. ನನ್ನ ಬೆರಳಲ್ಲಿದೆ. ಕಮಾಂಡ್‌ಲೈನ್ ಉಪಕರಣಗಳನ್ನು ಮಾಡಿದವರು ಈ ಬೆರಳನ್ನು ನಂಬಿಯೇ ಮಾಡಿದ್ದಾರೆ. ಹೊಡೆಯುವವನಿಗೆ ಊರು ಗೊತ್ತು, ಓಣಿ ಗೊತ್ತು, ಯಾವ ಮೂಲೆಯ ಪೈಪು ಹಳೇದು ಅಂತ ಗೊತ್ತು ಅನ್ನುವ ನಂಬಿಕೆ ಅದು. ಏಜೆಂಟಿಗೆ ನಾವು ಚಾವಿ ಕೊಡುತ್ತೇವೆ. ಬೆರಳು ಕೊಡುವುದಿಲ್ಲ. ಏಜೆಂಟ್ ದಡ್ಡ, ಅದಕ್ಕೇ ಅಪಾಯ ಅಂತ ಬಹಳ ಜನ ಹೇಳುತ್ತಾರೆ. ನನಗೆ ಹಾಗನ್ನಿಸಲ್ಲ. ಆ ಹುಡುಗನೂ ದಡ್ಡನಾಗಿರಲಿಲ್ಲ.

ಬಾಯಿ ಬಿಡದ ಕಮಾಂಡುಗಳು

ಇನ್ನೊಂದು ತೊಡಕು ಮೌನದ್ದು. ಯುನಿಕ್ಸ್ ಕಮಾಂಡುಗಳು ಕೆಲಸ ಸರಿಯಾಗಿ ಆದರೆ ಏನೂ ಹೇಳುವುದಿಲ್ಲ, ನಮ್ಮ ಕಡೆಯ ಹಳೇ ಗಂಡಸರ ಹಾಗೆ. 1970ರ ಹೊತ್ತಿಗೆ ಅವನ್ನು ಬರೆದವರ ಮುಂದೆ ಇದ್ದದ್ದು ಪರದೆ ಅಲ್ಲ, ಟೆಲಿಟೈಪ್. ಸೆಕೆಂಡಿಗೆ ಹತ್ತು ಅಕ್ಷರ, ಅದೂ ಕಾಗದದ ಮೇಲೆ ಕಟಕಟ ಅಂತ. ಒಂದೊಂದು ಮಾತಿಗೂ ಕಾಯಬೇಕು. ಹಾಗಾಗಿ ಹೆಸರುಗಳು ಎರಡಕ್ಷರದವು, ಉತ್ತರ ಇಲ್ಲದಿದ್ದರೆ ಎಲ್ಲ ಕ್ಷೇಮ. ನಾವು ಆ ಕಾಗದ ಬಿಟ್ಟು ಎಷ್ಟೋ ದಶಕ ಆಯಿತು, ಮೌನ ಮಾತ್ರ ಉಳಿದಿದೆ. ಮನುಷ್ಯನಿಗೆ ಅದು ಸಾಕು, ಯಾಕೆಂದರೆ ಆತ ಪಕ್ಕದ ಕಿಟಕಿಯಲ್ಲಿ ನೋಡಿಕೊಳ್ಳುತ್ತಾನೆ. ಏಜೆಂಟಿಗೆ ಕಾಣುವುದು ಹಿಂದಿರುಗಿ ಬಂದ ಅಕ್ಷರಗಳಷ್ಟೇ. ಏನೂ ಬರದಿದ್ದಾಗ ಅದು ಊಹಿಸುತ್ತದೆ. ಒಮ್ಮೆ ಒಂದು ಸಂದೇಶವನ್ನು ಪಬ್ಲಿಷ್ ಮಾಡಿ, ಆಚೆಯಿಂದ ಸುಳಿವು ಸಿಗದೆ, ಹೋಗಿಲ್ಲವೇನೋ ಅಂದುಕೊಂಡು ಮತ್ತೆ ಕಳಿಸಿತು. ಡ್ಯಾಪರ್‌ನಲ್ಲಿ ಸಂದೇಶ ಹಂಚುವ ಪಬ್‌ಸಬ್ ಕೊಡುವ ಮಾತೇ 'ಕನಿಷ್ಠ ಒಂದು ಸಲ' ಅಂತ. ಒಂದಕ್ಕೆ ಎರಡು ಬಂದರೂ ತಪ್ಪಿಲ್ಲ. ಅದರ ಮೇಲೆ ಇದು ಇನ್ನೊಂದು ಸಲ ಕಳಿಸಿದರೆ? ಗೋಳಗುಮ್ಮಟದಲ್ಲಿ ಚಪ್ಪಾಳೆ ಹೊಡೆದ ಹಾಗೆ. (ಈ ಊರಿನವನು ಗುಮ್ಮಟ ತರದೆ ಬರೆಯುವ ಹಾಗಿಲ್ಲ, ಮಾಫ್ ಮಾಡಿ.) ಪುಣ್ಯಕ್ಕೆ ಲೆಕ್ಕದ ಸೇವೆ ರಸೀದಿ ನಂಬರ್ ನೋಡಿ ಎರಡನೆಯದನ್ನು ಬಿಸಾಕುತ್ತದೆ.

ಮೌನಕ್ಕಿಂತ ಕೆಟ್ಟದ್ದು ಅತಿ ಮಾತು. ಗೇಟ್ ಸೇವೆಯ ಇಡೀ ಲಾಗನ್ನು, ಅಂದರೆ ನಡೆದದ್ದರ ದಾಖಲೆಯನ್ನು, ಏಜೆಂಟ್ ಒಂದು ದಿನ ಒಂದೇ ಗುಟುಕಿಗೆ ನುಂಗಿತು. ಆಮೇಲೆ ನಾನು ಮೊದಲು ಏನು ಕೇಳಿದ್ದೆ ಅನ್ನುವುದೇ ಅದಕ್ಕೆ ಮಸುಕಾಯಿತು. ಅದೇ ಲಾಗಿನಲ್ಲಿ ಗುಮಾಸ್ತರೊಬ್ಬರು ಷರಾ ಕಾಲಮ್ಮಿನಲ್ಲಿ ಬರೆದ ಒಂದು ಸಾಲಿತ್ತು. 'ಹಳೇ ರಸೀದಿ ತೆಗೆದು ಹೊಸದು ಮಾಡಿ.' ಕೋಲ್ಡ್ ಸ್ಟೋರೇಜಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಬರೆದ ಚೀಟಿ ಅದು. ಏಜೆಂಟ್ ಅದನ್ನು ತನಗೇ ಹೇಳಿದ್ದು ಅಂದುಕೊಂಡಿತು. 'ಹಳೆಯ ರಸೀದಿ ತೆಗೆಯಬೇಕಿದೆ, ತೆಗೆಯಲೇ?' ಅಂತ ಕೇಳಿದಾಗ ಬೆನ್ನಲ್ಲಿ ತಣ್ಣಗಾಯಿತು. ಕೇಳಿತಲ್ಲ ಸದ್ಯ. ಯಾರ ಮಾತು ಆಜ್ಞೆ, ಯಾರ ಮಾತು ಬರೀ ದಾಖಲೆ ಅನ್ನುವ ಗೆರೆ ಅದರ ತಲೆಯಲ್ಲಿ ನಮ್ಮಷ್ಟು ಗಟ್ಟಿ ಇಲ್ಲ. ಅಲ್ಲಿ ಎಲ್ಲವೂ ಅಕ್ಷರ. ಆ ಷರಾ ಬರೆದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಉದ್ದೇಶ ಇಟ್ಟುಕೊಂಡು ಬರೆಯುವವರೂ ಇರುತ್ತಾರೆ ಅನ್ನುವುದು ನೆನಪಾಗಿ ಆವತ್ತು ಜೋಳದ ರೊಟ್ಟಿ ಒಂದು ಕಡಿಮೆ ತಿಂದೆ.

ಮುಚ್ಚಳದ ಮೇಲಿನ ಕಲ್ಲು

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದೇ. ಸೂಚನೆಯ ಫೈಲಿನಲ್ಲಿ 'ಪೋಸ್ಟ್ ಮಾಡಬೇಡ, ಕೇಳದೆ ಏನೂ ಬದಲಿಸಬೇಡ' ಅಂತ ಬರೆದೆ. ಬಹಳ ಮಟ್ಟಿಗೆ ಕೇಳುತ್ತದೆ. ಆದರೆ ಬಹಳ ಮಟ್ಟಿಗೆ ಅನ್ನುವುದು ನೀರಿನ ಕೆಲಸದಲ್ಲಿ ನಡೆಯಲ್ಲ. ಎರಡನೆಯದಾಗಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಅದರ ಹೆಸರೂ 'ಚಾವಿ'. ಅದರಲ್ಲಿ ಮೂರೇ ಮಾತು: ನೋಡು, ಕೇಳು, ಮಾಡು. 'ನೋಡು' ಅಂದರೆ ಪಟ್ಟಿ ಮತ್ತು ಲಾಗು, ಲಾಗಿನಲ್ಲಿ ಕೊನೆಯ ಇನ್ನೂರು ಸಾಲು ಮಾತ್ರ, ಪಟ್ಟಿ ಟೇಬಲ್ ಆಗಿ ಅಲ್ಲ, ಪ್ರೋಗ್ರಾಂ ಓದಲು ಸುಲಭವಾದ ಜೇಸನ್ ಆಗಿ. 'ಕೇಳು' ಅಂದರೆ ಗೆಟ್, ಬೇರೇನೂ ಇಲ್ಲ. 'ಮಾಡು' ಅಂದರೆ ಉಳಿದದ್ದೆಲ್ಲ, ಅದಕ್ಕೆ ನನ್ನ ಒಪ್ಪಿಗೆ ಬೇಕು. ಕೆಲಸ ಆದ ಮೇಲೆ ಏನು ಬದಲಾಯಿತು ಅಂತ ಒಂದು ಸಾಲು ಬಾಯಿ ಬಿಟ್ಟು ಹೇಳುತ್ತದೆ, ಏನೂ ಬದಲಾಗದಿದ್ದರೆ ಅದನ್ನೂ ಹೇಳುತ್ತದೆ.

ಎರಡೇ ದಿನದಲ್ಲಿ ಏಜೆಂಟ್ ಅದನ್ನು ದಾಟಿಕೊಂಡು ಹೋಯಿತು. ಚಾವಿ ಸ್ಕ್ರಿಪ್ಟ್ ಆಗಲ್ಲ ಅಂದಿದ್ದಕ್ಕೆ, ನಾನೇ ಕೊಟ್ಟ ಪಟ್ಟಿಯಲ್ಲಿದ್ದ ಸೈಡ್‌ಕಾರಿನ ಪೋರ್ಟ್ ನಂಬರ್ ತೆಗೆದುಕೊಂಡು ವೆಬ್ ವಿಳಾಸವನ್ನು ನೇರ ಕರೆಯುವ ಕರ್ಲ್ ಕಮಾಂಡ್ ಹೊಡೆಯಿತು. ಕಳ್ಳತನ ಅಂತೀರಾ? ನನಗೆ ನಗು ಬಂತು. ಮುಂದಿನ ಬಾಗಿಲು ಹಾಕಿದೆ, ಹಿತ್ತಲ ಬಾಗಿಲು ತೆರೆದಿತ್ತು, ಚುರುಕಾದ ಹುಡುಗ ಹಿತ್ತಲಿಂದ ಬಂದ. ಸೈಡ್‌ಕಾರ್ ಅಂದರೆ ಕಡೆಗೂ ಒಂದು ಎಚ್‌ಟಿಟಿಪಿ ವಿಳಾಸ ಅಷ್ಟೇ, ಒಂದು ಪೋರ್ಟಿನಲ್ಲಿ ಕೂತಿರುತ್ತದೆ, ಯಾರು ಕರೆದರೂ ಓಗೊಡುತ್ತದೆ. ಆಗ ಡ್ಯಾಪರ್‌ನ ಎಪಿಐ ಟೋಕನ್, ಅಂದರೆ ಗುಪ್ತ ಪದ, ಹಾಕಿದೆ. ಹೆಡರಿನಲ್ಲಿ ಟೋಕನ್ ಇಲ್ಲದೆ ಬಂದ ಕರೆಯನ್ನು ಸೈಡ್‌ಕಾರ್ ವಾಪಸ್ ಕಳಿಸುತ್ತದೆ. ಟೋಕನ್ ಗೊತ್ತಿರುವುದು ಸೇವೆಗಳಿಗೆ ಮತ್ತು ಚಾವಿಗೆ ಮಾತ್ರ, ಚಾವಿ ಓಡುವುದು ಬೇರೆ ಯೂಸರ್ ಆಗಿ, ಏಜೆಂಟ್ ಇರುವುದು ಬೇರೆ ಯೂಸರ್ ಆಗಿ. ಅಸಲಿ ಸರ್ವರ್ ಕುಬರ್ನೆಟಿಸ್ ಎಂಬ ನಿರ್ವಹಣಾ ವ್ಯವಸ್ಥೆಯ ಮೇಲಿದೆ. ಅಲ್ಲಿ ಏಜೆಂಟಿಗೆ 'ವ್ಯೂ' ಅನ್ನುವ ಪಾತ್ರ ಮಾತ್ರ. ಅದರಲ್ಲಿ ಸೀಕ್ರೆಟ್‌ಗಳು ಕಾಣುವುದೂ ಇಲ್ಲ. ಇದನ್ನು ಮೊದಲ ದಿನವೇ ಮಾಡಬೇಕಿತ್ತು, ಮಾಡಲಿಲ್ಲ.

ಬಾಗಲಕೋಟೆಯ ನವನಗರದಲ್ಲಿರುವ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. "ಎಂಸಿಪಿ ಸರ್ವರ್ ಬರೆಯೋದು ಬಿಟ್ಟು ಈ ಶೆಲ್ ಸ್ಕ್ರಿಪ್ಟ್ ಹಿಡ್ಕೊಂಡು ಕುಂತಿಯಲ್ಲೋ" ಅಂತ ರೇಗಿಸಿದ. ಅವನ ಮಾತಲ್ಲಿ ಹುರುಳಿದೆ. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಕಂಪನಿ ಎಂಸಿಪಿ ಅನ್ನುವ, ಏಜೆಂಟಿಗೆ ಉಪಕರಣ ಜೋಡಿಸುವ ಪದ್ಧತಿ ಹೊರತಂದ ಮೇಲೆ ಏಜೆಂಟಿಗೆ ಇಷ್ಟೇ ಕೆಲಸ, ಇಷ್ಟೇ ಮಾಹಿತಿ ಅಂತ ಅಳೆದು ಕೊಡುವುದು ಸುಲಭವಾಗಿದೆ. ಅಲ್ಲಿ ಇಡೀ ಶೆಲ್ ಬಿಟ್ಟುಕೊಡುವ ಪ್ರಮೇಯವೇ ಇಲ್ಲ. ಆದರೂ ನಾನು ಕಮಾಂಡ್‌ಲೈನಿಗೇ ಅಂಟಿಕೊಂಡೆ. ಕಾರಣ ಒಂದೇ. ಚಾವಿಯನ್ನು ನಾನೂ ಬಳಸುತ್ತೇನೆ. ಏಜೆಂಟ್ ಎಡವಿದ ಸಾಲನ್ನು ಹಾಗೇ ಎತ್ತಿ ನನ್ನ ಟರ್ಮಿನಲ್ಲಿಗೆ ಹಾಕಿ ಒತ್ತಿದರೆ ನಾನೂ ಅಲ್ಲೇ ಎಡವುತ್ತೇನೆ. ಅದಕ್ಕೊಂದು ಉಪಕರಣ, ನನಗೊಂದು ಉಪಕರಣ ಅಂತ ಆದರೆ ಎರಡರಲ್ಲಿ ಒಂದಕ್ಕೆ ತುಕ್ಕು ಹಿಡಿಯುತ್ತದೆ. ಯಾವುದಕ್ಕೆ ಅಂತ ನನಗೆ ನನ್ನ ಸ್ವಭಾವ ಗೊತ್ತು.

ಇಷ್ಟಾದ ಮೇಲೂ ನನ್ನ ಬುಡಕ್ಕೇ ಬಂದ ಸಮಸ್ಯೆ ಒಂದಿದೆ. 'ಮಾಡು' ಅಂದಾಗಲೆಲ್ಲ ಒಪ್ಪಿಗೆ ಕೇಳುತ್ತದಲ್ಲ, ದಿನಕ್ಕೆ ಮೂವತ್ತು ನಲವತ್ತು ಸಲ ಕೇಳತೊಡಗಿತು. ಮೊದಲ ದಿನ ಒಂದೊಂದನ್ನೂ ಓದಿದೆ. ಮೂರನೇ ದಿನ ಅರ್ಧ ಓದಿದೆ. ವಾರ ಕಳೆಯುವಷ್ಟರಲ್ಲಿ ಮಾತಾಡುತ್ತಾ ಮಾತಾಡುತ್ತಾ 'ಹೌದು' ಒತ್ತುತ್ತಿದ್ದೆ. ಏಜೆಂಟಿಗೆ ಇಲ್ಲದ ಬೆರಳನ್ನು ಕೊಡಲು ಹೋಗಿ ನನ್ನ ಬೆರಳನ್ನೇ ಮೊಂಡು ಮಾಡಿಕೊಂಡಿದ್ದೆ.

ಆಗ ಕಾಕಾ ಸವದತ್ತಿಯಿಂದ ವಾಪಸ್ ಬಂದ ಮೇಲೆ ಮಾಡಿದ್ದು ನೆನಪಾಯಿತು. ಹುಡುಗನಿಗೆ ಅವರು ಒಂದು ಮಾತೂ ಬಯ್ಯಲಿಲ್ಲ. ಚಾವಿಯನ್ನೂ ಕಿತ್ತುಕೊಳ್ಳಲಿಲ್ಲ. ಗಿರಣಿಯ ಮೂಲೆಯ ಗುಂಡಿಯ ಮುಚ್ಚಳದ ಮೇಲೆ ಒಂದು ಕಲ್ಲು ತಂದು ಹೇರಿದರು. ಎಲ್ಲಿಂದ ತಂದರೋ, ಹಳೇ ಕಟ್ಟಡದ ಬುನಾದಿ ಕಲ್ಲಿನಂಥದ್ದು. ಒಬ್ಬನಿಂದ ಅಲುಗಾಡಿಸಲು ಆಗದು. ಆ ವಾಲ್ ತೆರೆಯಬೇಕಾದರೆ ಓಣಿಯಿಂದ ಇನ್ನೊಬ್ಬರನ್ನು ಕೂಗಬೇಕು. ಬಂದವರು "ಯಾಕ್ರಿ, ಇವತ್ತ್ ಇದನ್ಯಾಕ ತೆಗೀತೀರಿ?" ಅಂತ ಕೇಳಿಯೇ ಕೇಳುತ್ತಾರೆ. ಉಳಿದ ಹನ್ನೆರಡು ಗುಂಡಿಗಳ ಮೇಲೆ ಕಲ್ಲು ಇರಲಿಲ್ಲ. ಎಲ್ಲದರ ಮೇಲೂ ಹೇರಿದ್ದರೆ ಮೊದಲ ವಾರವೇ ಯಾರೋ ಎಲ್ಲಾ ಕಲ್ಲು ಎತ್ತಿ ಬದಿಗಿಟ್ಟಿರುತ್ತಿದ್ದರು ಅಂತ ಈಗ ಅನ್ನಿಸುತ್ತದೆ.

ನಾನೂ ಕೂತು ಲೆಕ್ಕ ಹಾಕಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಸೇವೆ ನಿಲ್ಲಿಸುವುದು, ಎಬ್ಬಿಸುವುದು, ಟೆಸ್ಟ್ ಸಂದೇಶ ಕಳಿಸುವುದು, ಇದಕ್ಕೆಲ್ಲ ಕೇಳಬೇಡ ಎಂದೆ. ಎಸ್‌ಎಂಎಸ್ ಕೀ ಬದಲಿಸಿ ನಕಲಿ ಹಾಕಿದೆ. ಮೊದಲ ಹೆಸರು ತಗೋ ಅನ್ನುವ ಆ ಸಾಲನ್ನು ಅಳಿಸಿದೆ. ಮೂರಕ್ಕೆ ಮಾತ್ರ ಕಲ್ಲು: ರಸೀದಿ ಹುಟ್ಟಿಸುವುದು, ರಸೀದಿ ರದ್ದು ಮಾಡುವುದು, ಹೊರಗಿನ ಮನುಷ್ಯನಿಗೆ ಸಂದೇಶ ಹೋಗುವುದು. ಈ ಮೂರಕ್ಕೆ ಬರೀ 'ಹೌದು' ನಡೆಯಲ್ಲ. ಯಾರ ರಸೀದಿ, ಎಷ್ಟು ಬಾಕ್ಸ್ ಅನ್ನುವುದನ್ನು ನಾನೇ ಕೈಯಾರೆ ಟೈಪ್ ಮಾಡಬೇಕು. ಕಿರಿಕಿರಿ ಆಗುತ್ತದೆ. ಆಗಲಿ.

ನಿನ್ನೆ ಸಂಜೆ ಏಜೆಂಟ್ ಅಂಥದ್ದೊಂದು ಕೇಳಿಕೊಂಡು ನಿಂತಿತ್ತು. ಹಳೇ ವರ್ಷದ ಒಂದು ರಸೀದಿ ಎರಡು ಸಲ ದಾಖಲಾಗಿದೆ, ಒಂದನ್ನು ರದ್ದು ಮಾಡಬೇಕು ಅಂತ. ಓದಲು ಶುರು ಮಾಡಿದ್ದೆ, ಅಷ್ಟರಲ್ಲಿ ಹೆಂಡತಿ "ನಳ ಬಂತ್ರೀ" ಎಂದು ಕೂಗಿದಳು. ಎದ್ದು ಹೋದೆ. ಈಗಲೂ ಮೊದಲು ಗಾಳಿಯೇ ಬರುತ್ತದೆ, ಕೆಮ್ಮಿದ ಹಾಗೆ ಎರಡು ಸಲ, ಆಮೇಲೆ ಕೆಂಪು ನೀರು, ಆಮೇಲೆ ಒಳ್ಳೇದು. ಸಂಪಿಗೆ ಪೈಪ್ ಹಚ್ಚಿ ಒಂದು ಕೊಡ ಒಳಗಿಟ್ಟು ಬಂದೆ. ಪರದೆ ಮೇಲೆ ಅದೇ ಸಾಲು ಮಿಣುಕುತ್ತಿತ್ತು. ಎರಡೂ ರಸೀದಿಗಳನ್ನು ತೆರೆದು ಪಕ್ಕಪಕ್ಕ ಇಟ್ಟು ನೋಡಿದೆ. ಸರಿಯಾಗಿಯೇ ಇತ್ತು. ಹೆಸರು, 212 ಬಾಕ್ಸ್ ಅಂತ ಟೈಪ್ ಮಾಡಿ, ಎರಡನೇ ಕೊಡ ತುಂಬಲು ಹೋದೆ.